ಅಪ್‌ಡೇಟ್: ಕ್ವೇಲ್ ಮರಿಗಳು ಹೊರಬಂದವು!

ಇನ್‌ಕ್ಯುಬೇಟರ್‌ನಲ್ಲಿ (ಮೊಟ್ಟೆಗೆ ಕಾವು ಕೊಡುವ ಕರೆಂಟ್ ಪೆಟ್ಟಿಗೆ) ಕ್ವೇಲ್ (ಕೋಳಿ ಜಾತಿಯ ಪುಟ್ಟ ಹಕ್ಕಿ) ಮೊಟ್ಟೆ ಇಟ್ಟಿದ್ದೇನೆ, ಪದೇ ಪದೇ ಕರೆಂಟ್ ಹೋಗುತ್ತಿದೆ, ಮೊಟ್ಟೆ ಕೆಡುತ್ತವಾ ಅಂತ ಕೇಳಿದ್ದೆನಲ್ಲ, ಅದರ ಮುಂದಿನ ಸುದ್ದಿ ಇದು. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಮುಚ್ಚಳ ತೆಗೆಯಬೇಡಿ, ಗಾಳಿಯ ತೂತು ಬಿಟ್ಟು ಕಂಬಳಿ ಹೊದಿಸಿ ಅಂದಿರಿ. ಹಾಗೇ ಮಾಡಿದೆ. ಕರೆಂಟ್ ಬಂದ ಮೇಲೆ ಮತ್ತೆ 37.5 ಡಿಗ್ರಿಗೆ ಏರುತ್ತಿತ್ತು. 14ನೇ ದಿನಕ್ಕೆ ಮೊಟ್ಟೆ ಹೊರಳಿಸುವುದು ನಿಲ್ಲಿಸಿ, ತೇವಾಂಶವನ್ನು ಶೇ. 65–70ಕ್ಕೆ ಏರಿಸಿದೆ.

17ನೇ ದಿನ ಒಂದು ಮೊಟ್ಟೆಯ ದಪ್ಪ ತುದಿಯಲ್ಲಿ ಸಣ್ಣ ಬಿರುಕು. ಕಿವಿಗೊಟ್ಟರೆ ಒಳಗಿಂದ ಚೀಂವ್ ಚೀಂವ್! ಆಮೇಲೆ ಬಹಳ ಹೊತ್ತು ಏನೂ ಇಲ್ಲ. ನಾವು ಕೈ ಹಾಕಲಿಲ್ಲ. ಕೊನೆಗೆ ಮರಿ ಒಳಗೇ ತಿರುಗುತ್ತಾ ಸುತ್ತಲೂ ಕೊರೆಯಿತು, ಚಿಪ್ಪು ಡಬ್ಬಿಯ ಮುಚ್ಚಳದ ಹಾಗೆ ತೆರೆದುಕೊಂಡಿತು, ಒದ್ದೆ ಮರಿ ಕಾಲು ಒದರಿ ಈಚೆ ಬಿತ್ತು. ಅಮ್ಮನಂತೂ ಕುರ್ಚಿ ಹಾಕಿಕೊಂಡು ಅಲ್ಲೇ ಕೂತುಬಿಟ್ಟಿದ್ದರು.

ಕೆಲವು ಒಡೆಯಲೇ ಇಲ್ಲ. ಅದು ಕರೆಂಟಿನಿಂದಲೇ ಅನ್ನೋಕಾಗಲ್ಲ, ಎಲ್ಲ ಮೊಟ್ಟೆಯಲ್ಲೂ ಜೀವ ಇರಲ್ಲ ಅಲ್ವಾ.

ಮರಿ ಮಾಡಿಸುವವರಿಗೆ ಒಂದು ಮಾತು. ನೀರಿನ ತಟ್ಟೆಗೆ ಗೋಲಿ ಹಾಕಿ, ಇಷ್ಟು ಚಿಕ್ಕ ಮರಿಗಳು ಅದರಲ್ಲೇ ಮುಳುಗಿ ಸಾಯುತ್ತವೆ. ಕೆಳಗೆ ನುಣುಪಾದ ಪೇಪರ್ ಬೇಡವೇ ಬೇಡ, ಕಾಲು ಜಾರಿ ಸೊಟ್ಟಗಾಗುತ್ತವೆ. ಒರಟು ಬಟ್ಟೆ ಹಾಸಿ. ಮೊದಲ ವಾರ ಬಲ್ಬ್ ಕೆಳಗೆ ಸುಮಾರು 35 ಡಿಗ್ರಿ ಇರಲಿ. ಒತ್ತಿಕೊಂಡು ಗುಂಪಾದರೆ ಚಳಿ, ಬಲ್ಬ್ ಬಿಟ್ಟು ದೂರ ಓಡಿದರೆ ಸೆಕೆ. ಫೀಡ್ ದಪ್ಪ ಇದ್ದರೆ ಮಿಕ್ಸಿಯಲ್ಲಿ ಒಂದು ಸುತ್ತು ಪುಡಿ ಮಾಡಿ. ನಮ್ಮವು ಈಗ ಜೋರಾಗಿ ತಿನ್ನುತ್ತಿವೆ.