ಓದುಗರ ಸ್ಪಂದನ: ಅಣ್ಣನ ಮಗಳ ಮದುವೆಗೆ ಹೋಗಲೇ, ಬೇಡವೇ?

ಶಿರಸಿ ಹತ್ತಿರದ ಹಳ್ಳಿಯ ಓದುಗರೊಬ್ಬರು ಕಳೆದ ಬಾರಿ ಬರೆದ ಪತ್ರಕ್ಕೆ ಬಹಳ ಉತ್ತರಗಳು ಬಂದಿವೆ. ಅಪ್ಪ ತೀರಿಕೊಂಡ ಮೇಲೆ ತೋಟದ ಹಿಸ್ಸೆಗಾಗಿ ಅಣ್ಣ ತಮ್ಮನಿಗೆ ಜಗಳವಾಯಿತು. ತೋಟಕ್ಕೆ ಸೊಪ್ಪು ತರುವ ಬೆಟ್ಟಕ್ಕೆ ಹೋಗುವ ದಾರಿಗೆ ಅಣ್ಣ ಬೇಲಿ ಹಾಕಿದರು, ತಮ್ಮ ಕೋರ್ಟಿಗೆ ಹೋದರು. ಪಕ್ಕಪಕ್ಕದ ಮನೆ, ಆದರೆ ವರ್ಷಗಳಿಂದ ಮಾತಿಲ್ಲ. ಈಗ ಅಣ್ಣನ ಮಗಳಿಗೆ ಮದುವೆ. ಅಣ್ಣ ತಾನು ಬಂದು ಕರೆಯಲಿಲ್ಲ, ಮಗನ ಕೈಯಲ್ಲಿ ಮಂಗಳಪತ್ರ ಕಳಿಸಿದ್ದಾರೆ. ಹೋಗಬೇಕು ಎಂದು ತಮ್ಮನಿಗೆ ಆಸೆ. ಹೆಂಡತಿ ಬೇಡ ಅನ್ನುತ್ತಿದ್ದಾರೆ. ಕೆಲವು ಉತ್ತರಗಳು ಇಲ್ಲಿವೆ.

ಕುಮಟಾದ ಓದುಗರು:

ತಮ್ಮಾ, ಮಗನ ಕೈಯಲ್ಲಿ ಪತ್ರ ಕಳಿಸಿದ್ದು ಅವಮಾನ ಅಂತ ಬರೆದಿದ್ದೀರಿ. ನನಗೆ ಹಾಗೆ ಕಾಣಲಿಲ್ಲ. ಕಳಿಸದೇ ಇರಬಹುದಿತ್ತು, ಅಲ್ವಾ? ತಾನೇ ಬರುವ ಧೈರ್ಯ ನಿಮ್ಮ ಅಣ್ಣನಿಗೆ ಆಗಿಲ್ಲ, ಅಷ್ಟೇ. ಹೋಗಿ. ಆದರೆ ಮುಹೂರ್ತದ ದಿನ ನೂರಾರು ಜನರ ಎದುರು ಮೊದಲ ಸಲ ಮುಖ ನೋಡುವುದು ಬೇಡ. ಚಪ್ಪರ ಹಾಕುವ ದಿನವೇ ಹೋಗಿ. ಅಂದು ಎಲ್ಲರಿಗೂ ಕೈತುಂಬಾ ಕೆಲಸ ಇರುತ್ತದೆ, ಮಾತು ಕಡಿಮೆ ಆದರೂ ನಡೆಯುತ್ತದೆ.

ನಿಮ್ಮ ಹೆಂಡತಿಯ ಮಾತನ್ನು ನೀವು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಅದು ನನಗೆ ಸರಿ ಅನ್ನಿಸಲಿಲ್ಲ. ಅಣ್ಣ ತಮ್ಮಂದಿರ ಜಗಳ ಅಂತ ಊರು ಹೇಳುತ್ತದೆ. ಆದರೆ ದಿನಾ ಬೆಳಗಾದರೆ ಬಾವಿಕಟ್ಟೆಯಲ್ಲಿ ಮುಖ ತಿರುಗಿಸಿಕೊಂಡು ನಿಂತವರು ಓರಗಿತ್ತಿಯರು. ಏನೇನು ಮಾತು ಕೇಳಿದ್ದಾರೋ, ನಿಮಗೆ ಹೇಳಿದ್ದಾರೋ ಇಲ್ಲವೋ. ಮೊದಲು ಅವರ ಹತ್ತಿರ ಕೂತು ಪೂರ್ತಿ ಕೇಳಿ. ನಡುವೆ ಅಣ್ಣನ ಪರ ವಹಿಸಬೇಡಿ. ಅವರಿಗೆ ಬರಲು ಮನಸ್ಸಿಲ್ಲದಿದ್ದರೆ ಬಲವಂತ ಮಾಡದೆ ಒಬ್ಬರೇ ಹೋಗಿ ಬನ್ನಿ.

ಶಿರಸಿಯ ವಕೀಲರೊಬ್ಬರು:

ಮನಸ್ಸಿನ ವಿಷಯ ಬೇರೆಯವರು ಬರೆಯುತ್ತಾರೆ. ನಾನು ಕಾಗದದ ವಿಷಯ ಹೇಳುತ್ತೇನೆ. ಕೇಸು ಬಾಕಿ ಇರುವಾಗ ಬಾಯಿಮಾತಿನ ರಾಜಿ ಹೆಚ್ಚು ದಿನ ನಿಲ್ಲುವುದಿಲ್ಲ. ಇಬ್ಬರೂ ಒಪ್ಪಿದರೆ ಇದೇ ಕೇಸನ್ನು ಲೋಕ ಅದಾಲತ್‌ಗೆ ಒಯ್ಯಬಹುದು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಲ್ಲಿ ಅದಕ್ಕೆ ಅವಕಾಶ ಇದೆ. ಅಲ್ಲಿ ಆದ ರಾಜಿಗೆ ಕೋರ್ಟಿನ ಡಿಕ್ರಿಯಷ್ಟೇ ಬಲ, ಅದರ ಮೇಲೆ ಅಪೀಲು ಇಲ್ಲ. ಕಟ್ಟಿದ ಕೋರ್ಟ್ ಶುಲ್ಕವೂ ವಾಪಸ್ ಬರುತ್ತದೆ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿ.

ನಿಮಗೆ ಅಕ್ಕ ತಂಗಿಯರಿದ್ದರೆ ಅವರನ್ನು ಬಿಟ್ಟು ರಾಜಿ ಬರೆಯಬೇಡಿ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಆದ 2005ರ ತಿದ್ದುಪಡಿಯಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಇದೆ. 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಇನ್ನೂ ಸ್ಪಷ್ಟ ಮಾಡಿದೆ. ಒಂದು ಜಗಳ ತೀರಿಸಲು ಹೋಗಿ ಇನ್ನೊಂದು ಹುಟ್ಟಬಾರದು.

ಮತ್ತೆ ಆ ಬೆಟ್ಟ. ಅದನ್ನು ಇಬ್ಬರೂ ನಮ್ಮದು ನಮ್ಮದು ಅಂತ ಹೊಡೆದಾಡುತ್ತಿದ್ದೀರಿ. ಸೊಪ್ಪಿನ ಬೆಟ್ಟ ಕಾನೂನಿನ ಲೆಕ್ಕದಲ್ಲಿ ಅರಣ್ಯ. ಬ್ರಿಟಿಷರ ಕಾಲದಲ್ಲಿ ನಮ್ಮ ಕಡೆ ಒಂದು ಎಕರೆ ತೋಟಕ್ಕೆ 9 ಎಕರೆವರೆಗೂ ಬೆಟ್ಟ ಬಿಟ್ಟುಕೊಟ್ಟರು. ಅದು ಸೊಪ್ಪು, ದರಕು (ಒಣಗಿ ಬಿದ್ದ ಎಲೆ) ತರುವ ಸವಲತ್ತು ಮಾತ್ರ, ಒಡೆತನ ಅಲ್ಲ. ಹಾಗಾಗಿ ನೀವು ಕೂತು ಬರೆದುಕೊಳ್ಳಬೇಕಾದದ್ದು ದಾರಿ ಯಾವುದು, ಯಾರು ಯಾವ ಕಡೆ ಸೊಪ್ಪು ಕಡಿಯುವುದು ಎಂಬುದನ್ನು. ಅದು ಒಂದು ಸಂಜೆಯ ಕೆಲಸ.

ಸಿದ್ದಾಪುರದ ಹಿರಿಯ ಓದುಗರು:

ಉಳಿದವರಿಗೆ ಸಿಟ್ಟು ಬಂದರೂ ಬರಲಿ. ಬೇಲಿ ತೆಗೆಯುವವರೆಗೆ ಆ ಚಪ್ಪರದಲ್ಲಿ ಊಟಕ್ಕೆ ಕೂರಬೇಡಿ. ನಮ್ಮ ತಾಲ್ಲೂಕಿನಲ್ಲೂ ಅಂಕೋಲೆಯಲ್ಲೂ 1932ರ ಹೊತ್ತಿಗೆ ಬ್ರಿಟಿಷರ ವಿರುದ್ಧ ಕರನಿರಾಕರಣೆ ನಡೆಯಿತು. ಕಂದಾಯ ಕೊಡದವರ ಜಮೀನು ಜಪ್ತಿಯಾಗಿ ಹರಾಜಾಯಿತು. ಅದನ್ನು ಕೊಂಡವರಲ್ಲಿ ಇದೇ ಸೀಮೆಯವರೂ ಇದ್ದರು. ಅಂಥವರ ಮನೆ ಮುಂದೆ ಹೆಂಗಸರು ಉಪವಾಸ ಕೂತರು. ಮಾವಿನಗುಂಡಿಯಲ್ಲಿ ಅವರ ಸ್ಮಾರಕ ಇದೆ, ಜೋಗಕ್ಕೆ ಹೋಗುವವರು ಇಳಿದು ನೋಡಬೇಕು. 1937ರಲ್ಲಿ ಮುಂಬಯಿ ಪ್ರಾಂತದಲ್ಲಿ ಕಾಂಗ್ರೆಸ್ ಸರ್ಕಾರ ಬಂದ ಮೇಲೆ ಜಮೀನು ಹಿಂದಿರುಗಿಸಲು ಕಾನೂನು ಮಾಡಿದರು. ಜಮೀನು ಹಾಗೇ ಇಟ್ಟುಕೊಂಡು ಆದದ್ದನ್ನು ಮರೆತುಬಿಡಿ ಅಂದಿದ್ದರೆ ಯಾರು ಮರೆಯುತ್ತಿದ್ದರು? ನಿಮ್ಮದೂ ಹಾಗೇ. ದಾರಿ ಬಿಡಲಿ, ಆಮೇಲೆ ಊಟ.

ಕಾರವಾರದ ಕಾಲೇಜು ಉಪನ್ಯಾಸಕರು:

ದಕ್ಷಿಣ ಆಫ್ರಿಕಾದಲ್ಲಿ ವರ್ಣಭೇದ ಮುಗಿದ ಮೇಲೆ ಆರ್ಚ್‌ಬಿಷಪ್ ಡೆಸ್ಮಂಡ್ ಟುಟು ಅವರ ಮುಂದಾಳತ್ವದಲ್ಲಿ ಸತ್ಯ ಮತ್ತು ಸಾಮರಸ್ಯ ಆಯೋಗ ನಡೆಯಿತು. 1996ರಲ್ಲಿ ವಿಚಾರಣೆ ಶುರುವಾಯಿತು. ನೋವು ತಿಂದವರು ಎಲ್ಲರ ಎದುರು ಮಾತಾಡಿದರು. ರಾಜಕೀಯ ಕಾರಣಕ್ಕೆ ಅಪರಾಧ ಮಾಡಿದವರು ಶಿಕ್ಷೆಯಿಂದ ಮಾಫಿ ಕೇಳಬಹುದಿತ್ತು. ಅವರು ಪಶ್ಚಾತ್ತಾಪ ತೋರಿಸಲೇಬೇಕು ಎಂಬ ನಿಯಮ ಇರಲಿಲ್ಲ. ಆದರೆ ಮಾಡಿದ್ದನ್ನು ಪೂರ್ತಿ ಹೇಳಲೇಬೇಕಿತ್ತು. ಆ ಆಯೋಗದ ಬಗ್ಗೆ ಅಲ್ಲಿಯವರಿಗೇ ಅಸಮಾಧಾನ ಇದೆ, ನೊಂದವರಿಗೆ ಪರಿಹಾರ ಸರಿಯಾಗಿ ಸಿಗಲಿಲ್ಲ. ಸಿದ್ದಾಪುರದ ಹಿರಿಯರಂಥವರು ಅಲ್ಲೂ ಬಹಳ ಜನ ಇದ್ದಾರೆ ಅನ್ನಿ. ಅಷ್ಟು ದೊಡ್ಡ ದುಃಖವನ್ನು ಒಂದು ಮನೆಯ ಜಗಳದ ಪಕ್ಕ ಇಡುವುದು ನನ್ನ ಉದ್ದೇಶ ಅಲ್ಲ. ಒಂದು ವಿಷಯ ಮಾತ್ರ ತೆಗೆದುಕೊಳ್ಳಿ. ಅಣ್ಣ ಕ್ಷಮೆ ಕೇಳಲಿ ಅಂತ ಕಾಯಬೇಡಿ. ಬೇಲಿ ಯಾಕೆ ಹಾಕಿದರು ಅಂತ ಕೇಳಿ, ಅವರು ಹೇಳುವಾಗ ಸುಮ್ನೆ ಕೇಳಿಸಿಕೊಳ್ಳಿ.

ಅಂಕೋಲಾದ ಮೀನುಗಾರರು:

ನಮ್ಮ ಅಪ್ಪನ ಕಾಲದಲ್ಲಿ ರಾಂಪಣಿ ಬಲೆ ಇತ್ತು. ದಡದಿಂದ ಎಳೆಯಲು ಊರಿಗೆ ಊರೇ ಬೇಕಿತ್ತು. ಮಾತು ಬಿಟ್ಟವರೂ ಒಂದೇ ಹಗ್ಗ ಹಿಡಿಯುತ್ತಿದ್ದರು, ಬೇರೆ ದಾರಿಯೇ ಇರಲಿಲ್ಲ. 1970ರ ದಶಕದಲ್ಲಿ ಯಂತ್ರದಿಂದ ಬಲೆ ಬೀಸುವ ಪರ್ಸೀನ್ ಬೋಟುಗಳು ಬಂದ ಮೇಲೆ ಅದೆಲ್ಲ ಹೋಯಿತು. ನಿಮ್ಮಲ್ಲಿ ಅಡಿಕೆ ಮರ ಹತ್ತಿ ಕೊನೆ ಇಳಿಸುವ ಕೊನೆಗೌಡರು ಸಿಗುವುದೇ ಕಷ್ಟ ಅಂತ ಕೇಳಿದ್ದೇನೆ. ಈ ಸಲ ಎರಡೂ ತೋಟಕ್ಕೆ ಒಬ್ಬರನ್ನೇ ಕರೆದು, ಒಟ್ಟಿಗೆ ಕೊನೆ ಕೊಯ್ಸಿ ನೋಡಿ.

ಹೊನ್ನಾವರದ ಓದುಗರು:

ಎಲ್ಲರೂ ಅಣ್ಣ, ತಮ್ಮ, ಬೇಲಿ, ಬೆಟ್ಟ ಅಂತ ಬರೆಯಬಹುದು. ಮದುವೆ ಆಗುತ್ತಿರುವ ಹುಡುಗಿಯ ವಿಷಯ ನಿಮ್ಮ ಪತ್ರದಲ್ಲೂ ಇಲ್ಲ. ನನ್ನ ಮದುವೆಗೆ ನನ್ನ ಚಿಕ್ಕಪ್ಪ ಇಂಥದ್ದೇ ಕಾರಣಕ್ಕೆ ಬರಲಿಲ್ಲ. ಆಮೇಲೆ ದೊಡ್ಡವರು ರಾಜಿಯಾದರು, ಈಗ ಎಲ್ಲ ಚೆನ್ನಾಗಿದ್ದಾರೆ. ಆದರೆ ನನ್ನ ಮದುವೆಯ ದಿನ ಮತ್ತೆ ಬರುವುದಿಲ್ಲವಲ್ಲ. ನನಗೆ ಆ ಬೇಸರ ಇವತ್ತಿಗೂ ಇದೆ. ಚಿಕ್ಕಂದಿನಲ್ಲಿ ನಿಮ್ಮ ಅಣ್ಣನ ಮಗಳನ್ನು ನೀವೇ ಎತ್ತಿ ಆಡಿಸಿರುತ್ತೀರಿ. ನಿಮ್ಮ ಅಣ್ಣನ ಹತ್ತಿರ ಮಾತಾಡಲು ಆಗದಿದ್ದರೆ ಬೇಡ. ಅವಳಿಗೆ ಇವತ್ತೇ ಫೋನ್ ಮಾಡಿ, ಬರುತ್ತೇನೆ ಅಂತ ಹೇಳಿ.