ಅರ್ಜೆಂಟ್: 'ಗೂರ್ಮಾಂಡ್' ಸೆಂಟಿಗೆ ಕನ್ನಡದಲ್ಲಿ ಏನನ್ನೋಣ?

ಮೈಸೂರಿಂದ, ಬೆಳಗ್ಗೆ 10:12

ಎಲ್ರಿಗೂ ನಮಸ್ಕಾರ. ಒಂದು ಸೆಂಟಂಗಡಿ ಬೋರ್ಡು ಕನ್ನಡ ಮಾಡೋ ಕೆಲಸ ಬಂದಿದೆ, 2024ರ ಕಾಯ್ದೆ ತಿದ್ದುಪಡಿ ಆದ್ಮೇಲೆ ಶೇ. 60 ಕನ್ನಡ ಇರ್ಲೇಬೇಕಲ್ಲ, ಓನರ್ರು ಗಾಬರಿ ಬಿದ್ದು ಒಳಗಿನ ರ‍್ಯಾಕಿನ ಪಟ್ಟಿಗಳನ್ನೂ ಕನ್ನಡದಲ್ಲೇ ಹಾಕಿಸ್ತಿದಾರೆ. ಹೂವಿನ ಜಾತಿ, ನಿಂಬೆ ಜಾತಿ, ಮರದ ಜಾತಿ ಮುಗೀತು. ಸಿಕ್ಕಾಕೊಂಡಿರೋದು 'ಗೂರ್ಮಾಂಡ್' ಹತ್ರ. ತಿನ್ನೋ ಪದಾರ್ಥದ ವಾಸನೆ ಇರೋ ಸೆಂಟು: ವೆನಿಲಾ, ಸುಟ್ಟ ಸಕ್ಕರೆ, ಕಾಫಿ, ಪಿಸ್ತಾ, ಹಾಲು. ನಿನ್ನೆ ಹೋಗಿ ಕಾಗದದ ಚೂರಿನ ಮೇಲೆ ಒಂದೊಂದೇ ಹೊಡೆಸ್ಕೊಂಡು ಮೂಸಿದೆ, ಮೂರನೇದು ಥೇಟ್ ಜಾತ್ರೆ ಬೊಂಬಾಯಿ ಮಿಠಾಯಿ. ಕಾಲೇಜು ಹುಡುಗ್ರು ಈಗ ಕೇಳೋದೆಲ್ಲ ಇದೇ ಅಂತೆ, ಮಲ್ಲಿಗೆ ಗುಲಾಬಿದು ತೋರಿಸಿದ್ರೆ 'ಅಜ್ಜಿ ಸೆಂಟು' ಅಂತ ವಾಪಸ್ ಇಡ್ತಾರಂತೆ. ನಂಗೆ ಹೊಳೆದಿದ್ದು 'ಭಕ್ಷ್ಯಗಂಧ'. ಪಕ್ಕದ ರ‍್ಯಾಕು 'ಊದ್', ಅಂದ್ರೆ ರಾಳದ ಮರದ ವಾಸನೆ ಇರೋ ಸೆಂಟು, ಅದಕ್ಕೂ ಒಂದು ಹೇಳಿ. ಸಂಜೆ 5ಕ್ಕೆ ಸ್ಟಿಕ್ಕರ್ ಕಟಿಂಗಿಗೆ ಕೊಡ್ಬೇಕು.

ಬೆಂಗಳೂರಿಂದ, 10:40

ಭಕ್ಷ್ಯಗಂಧ ಬೇಡ. ಸಂಸ್ಕೃತದ ಗಂಧ ಯಾವ ವಾಸನೆಗಾದ್ರೂ ಆಗುತ್ತೆ, ಕನ್ನಡದಲ್ಲಿ ಅದು ಒಂದು ಮರಕ್ಕೆ ಬಂದು ನಿಂತುಬಿಟ್ಟಿದೆ. ಗಂಧ ತೇಯ್ದೆ ಅಂದ್ರೆ ಏನು ತೇಯ್ದೆ ಅಂತ ಯಾರೂ ಕೇಳಲ್ಲ. ಟಿಪ್ಪು ಕಾಲಕ್ಕೇ ಅದು ಸರ್ಕಾರದ ಮರ, 1916ರಲ್ಲಿ ಎಣ್ಣೆ ಕಾರ್ಖಾನೆ, ಆಮೇಲೆ ಸೋಪು, ನೂರು ವರ್ಷದಿಂದ ನಮ್ಮ ಬಚ್ಚಲಲ್ಲೂ ಗಂಧ ಅಂದ್ರೆ ಶ್ರೀಗಂಧವೇ. ಭಕ್ಷ್ಯಗಂಧ ಅಂತ ಓದಿದವನಿಗೆ ಹೋಳಿಗೆ ಮೇಲೆ ಗಂಧ ಬಳಿದ ಹಾಗೆ ಕಾಣುತ್ತೆ.

ಶಿವಮೊಗ್ಗದಿಂದ, 10:58

ಕಂಪು ಇರುವಾಗ ಗಂದ ಯಾಕೆ? ನರುಗಂಪು ಇದೆಯಲ್ಲ, ಹಾಗೇ ತಿನಿಸುಗಂಪು. ಸಕ್ಕದ (ಸಂಸ್ಕೃತ) ಇಲ್ಲ, ಇಂಗ್ಲಿಶ್ ಇಲ್ಲ. ಮುಗೀತು.

ಧಾರವಾಡದಿಂದ, 11:25

> ತಿನಿಸುಗಂಪು

ಇದು ಯಾರ ಬಾಯಾಗ ಬರತೈತ್ರಿ? ಕಂಪು ಈಗ ಪದ್ಯದಾಗ ಮತ್ತ ರಾಜ್ಯೋತ್ಸವದ ಭಾಷಣದಾಗ ಅಷ್ಟ ಉಳದೈತಿ. ಅಡಗಿಮನಿಯಿಂದ ಕಂಪು ಬಂತು ಅಂತ ಒಬ್ಬರರ ಅಂದದ್ದು ಕೇಳೀರೇನು? ಘಮ್ ಅಂತು ಅಂತೀವಿ. ಹೂವಿಗೂ ಘಮ, ಒಗ್ಗರಣಿಗೂ ಘಮ, ಅದಕ್ಕ 'ತಿಂಡಿ ಘಮ' ಅಂತ ಹಚ್ಚಿ ಕೈ ತೊಳಕೋರಿ. ಇನ್ನ ಊದ್‌ಗೆ ಹೊಸಾ ಮಾತು ಎದಕ? ಊದಿನಕಡ್ಡಿ ದಿನಾ ಹಚ್ಚತೀವಲ್ಲ, ಅದ ಊದು. ಅರಬ್ಬಿ ಮಾತು, ಎಂದೋ ತಗೊಂಡೇವಿ, ಸಾಲ ತೀರೇತಿ.

ಶಿವಮೊಗ್ಗದಿಂದ, 11:41

ಊದು ಅರಬ್ಬಿ ಅಲ್ಲ. ಹೊಗೆ ಊದುವುದರಿಂದ ಊದುಬತ್ತಿ. ಕೊಳಲು ಊದು, ಒಲೆ ಊದು, ಅದೇ ಬೇರು. ಎಲ್ಲವೂ ಹೊರಗಿಂದ ಬಂತು ಅನ್ನುವ ಚಾಳಿ ಬಿಡಿ. 'ಘಮ' ಬೇಕೇ ಬೇಕಾದರೆ 'ಗಮ' ಅಂತ ಬರೆಯಿರಿ. ಗಮಗಮ ಅಚ್ಚಗನ್ನಡದ ಅನುಕರಣ, ಅದಕ್ಕೆ ಮಹಾಪ್ರಾಣ ಅಂಟಿಸಿದ್ದು ಪಂಡಿತರು.

ಬೆಂಗಳೂರಿಂದ, 12:03

ಊದುಬತ್ತಿ ಬಿಡಿ, ಊದಿನಕಡ್ಡಿ ನೋಡಿ. 'ಇನ' ಹತ್ತೋದು ನಾಮಪದಕ್ಕೆ. ಕ್ರಿಯಾಪದ ಆಗಿದ್ರೆ ಊದೋ ಕಡ್ಡಿ ಆಗ್ತಿತ್ತು, ಒಲೆ ಊದೋ ಕೊಳವೆ ಅಂತೀವಲ್ಲ ಹಾಗೆ. ಅರಬ್ಬಿಯಲ್ಲಿ ಊದ್ ಅಂದ್ರೆ ಬರೀ ಕಟ್ಟಿಗೆ, ಅದೇ ಹೆಸರಿನ ತಂತಿವಾದ್ಯನೂ ಇದೆ. ಮರಕ್ಕೆ ನಮ್ಮ ಹಳೇ ಹೆಸರು ಅಗರು, ಸೋಂಕು ಹತ್ತಿ ಒಳಗೆ ರಾಳ ಕಟ್ಟಿ ಕಪ್ಪಾದ್ರೆ ಮಾತ್ರ ಅದಕ್ಕೆ ಆ ವಾಸನೆ. ಅಗರಬತ್ತಿ, ಊದುಬತ್ತಿ ಎರಡೂ ಒಂದೇ ಮರದ ಎರಡು ಹೆಸರು, ಈಗಿನ ಬತ್ತಿಯಲ್ಲಿ ಹೆಚ್ಚಾಗಿ ಆ ಮರ ಇರಲ್ಲ ಅನ್ನೋದು ಬೇರೆ ಮಾತು. 2007ರಲ್ಲಿ ಟಾಮ್ ಫೋರ್ಡ್‌ನವರು 'ಊದ್ ವುಡ್' ಅಂತ ಸೆಂಟು ಬಿಟ್ರಲ್ಲ, ಅದು ಕಟ್ಟಿಗೆ-ಕಟ್ಟಿಗೆ, ನಾವು ಗೇಟು ಬಾಗಿಲು ಅಂದ ಹಾಗೆ.

ಗಮ ಅಂತ ಬರೆದ್ರೆ ಜನ ಅಂಟು ಮಾರೋ ಅಂಗಡಿ ಅಂದ್ಕೋತಾರೆ.

ಶಿವಮೊಗ್ಗದಿಂದ, 12:10

ಬತ್ತಿ ಹಚ್ಚಿದ ಮೇಲೆ ಉರಿ ಆರಿಸೋಕೆ ಊದುವುದಿಲ್ಲವೇ? ಯೋಚಿಸಿ.

ಉಡುಪಿಯಿಂದ, 12:32

ನಮ್ಮ ಕಡೆ ಘಮ ಎಲ್ಲ ಮಾತಿಗೆ ಬರುವುದು ಕಮ್ಮಿ ಮಾರಾಯ್ರೆ. ಮಲ್ಲಿಗೆಗೂ ಪರಿಮಳ, ಪತ್ರೊಡೆಗೂ ಪರಿಮಳ, ಬಂಗುಡೆ ಹುರಿದರೂ ಪರಿಮಳವೇ. ತಿಂಡಿ ಪರಿಮಳ ಅಂತ ಹಾಕಿ, ಚಂದ ಉಂಟು. ಮತ್ತೆ ದೊಡ್ಡ ಬೋರ್ಡಲ್ಲಿ ಸೆಂಟು ಅಂತ ಬರೀಬೇಡಿ, ಇಲ್ಲಿಯವರು ಓದಿದ್ರೆ ಜಾಗ ಮಾರ್ಲಿಕ್ಕೆ ಉಂಟು ಅಂತ ಎಣಿಸ್ತಾರೆ, ಐದು ಸೆಂಟ್ಸು ಹತ್ತು ಸೆಂಟ್ಸು ಅಂತ.

ಇನ್ನೊಂದು ಸಂಗತಿ. ದುಬೈಯಿಂದ ನಮ್ಮ ಭಾವ ಬಂದಾಗ ಮೊದಲು ಊದಿನ ಎಣ್ಣೆ ಒಂದು ಹನಿ ಕಿವಿಯ ಹಿಂದೆ, ಅದರ ಮೇಲೆ ಖರ್ಜೂರ ದಾಲ್ಚಿನ್ನಿ ವಾಸನೆಯದ್ದು ಎರಡು ಸಲ ಅಂಗಿಗೆ. ಲೇಯರಿಂಗ್ ಅಂತೆ. ಕಾರಿನೊಳಗೆ ಕೂತ್ರೆ ಹಲ್ವದ ಅಂಗಡಿ ಮತ್ತೆ ದರ್ಗಾ ಎರಡೂ ಒಟ್ಟಿಗೆ. ಈಗ ಇಲ್ಲಿಯ ಹುಡುಗರೂ ಹಾಗೇ. ಹಾಗಾಗಿ ಈ ಎರಡು ರ‍್ಯಾಕು ಎಷ್ಟು ದಿನ ಬೇರೆ ಇರ್ತದೋ ನೋಡಿ.

ತುಮಕೂರಿಂದ, 12:50

ಸೊಗಡು ಯಾರಿಗೂ ನೆನಪಾಗ್ಲಿಲ್ವಾ? ಅವರೆಕಾಯಿ ಸೊಗಡು ಅಂತೀವಲ್ಲ. 'ಸಿಹಿ ಸೊಗಡು' ಎಷ್ಟು ಚೆನ್ನಾಗಿದೆ.

ಬೆಂಗಳೂರಿಂದ, 12:58

ಆಗಲ್ಲ. ಸೊಗಡು ಹಸಿ ವಾಸನೆ. ಚಳಿಗಾಲದಲ್ಲಿ ಅವರೆಕಾಯಿ ಬಿಡಿಸಿದ ಬೆರಳಿಗೆ ಅಂಟುತ್ತಲ್ಲ, ಸೋಪು ಹಾಕಿ ತೊಳೆದ್ರೂ ಹೋಗದೆ ಇರೋ ಜಿಡ್ಡಿನ ವಾಸನೆ, ಅದು ಸೊಗಡು. ಇವರು ಕೇಳ್ತಿರೋದು ಒಲೆ ಹತ್ತಿಸಿದ ಮೇಲಿಂದು, ಸಕ್ಕರೆ ಕೆಂಪಗಾದಾಗ ಬರೋದು. ಕನ್ನಡದ ಮೂಗು ಹಸಿ ವಾಸನೆ, ಬೇಯಿಸಿದ ವಾಸನೆ ಬೇರೆಬೇರೆ ಮಾಡುತ್ತೆ. ಸೀದಿದ್ದಕ್ಕೆ ಕಮಟು, ಮೆಣಸಿನಕಾಯಿಗೆ ಘಾಟು. ಇಷ್ಟು ಇಟ್ಕೊಂಡು ಡಿಕ್ಷನರಿ ತೆಗೀತೀವಿ.

ತುಮಕೂರಿಂದ, 1:04

ಸೀದಿದ್ದಕ್ಕೆ ಸೀಕಲು. ಕಮಟು ಅನ್ನೋದು ಹಳೇ ಎಣ್ಣೆಗೆ. ಮೊದಲು ಅಡುಗೆಮನೆಗೆ ಹೋಗ್ಬನ್ನಿ.

ಬೆಂಗಳೂರಿಂದ, 1:20

ಸರಿ, ಕಮಟು ವಾಪಸ್. ಸೊಗಡು ಆದ್ರೂ ಬೇಡ.

ಫ್ರೆಂಚಲ್ಲಿ ಗುರ್ಮಾಂ ಅಂದ್ರೆ ತಿಂಡಿಪೋತ, ಅಷ್ಟೇ. 1992ರಲ್ಲಿ ಮುಗ್ಲೇರ್ ಕಂಪನಿ 'ಏಂಜೆಲ್' ಬಿಟ್ಟಾಗಿಂದ ಈ ಜಾತಿ ಶುರು ಅಂತಾರೆ, ಅದರಲ್ಲಿ ಈಥೈಲ್ ಮಾಲ್ಟಾಲ್ ಅನ್ನೋ ರಾಸಾಯನಿಕ ಧಾರಾಳವಾಗಿ ಹಾಕಿದ್ರು. ನೀವು ಮೂಸಿದ ಬೊಂಬಾಯಿ ಮಿಠಾಯಿ ಅದೇ ಇರ್ಬೇಕು. ತಿಂಡಿ, ಸುಗಂಧ ಬೆರೆಯೋದಕ್ಕೇನೂ ಬೆರಗಾಗ್ಬೇಕಿಲ್ಲ, ನಮ್ಮ ಪಚ್ಚಕರ್ಪೂರ ಲಾಡುಗೂ ಬೀಳುತ್ತೆ ದೇವರ ತೀರ್ಥಕ್ಕೂ ಬೀಳುತ್ತೆ. 1025ರ 'ಲೋಕೋಪಕಾರ' ಗ್ರಂಥದಲ್ಲಿ ಎರಡನೇ ಚಾವುಂಡರಾಯ ಸುಗಂಧನೂ ಹೇಳ್ತಾನೆ, ಅಡುಗೆನೂ ಹೇಳ್ತಾನೆ.

ಶಿವಮೊಗ್ಗದಿಂದ, 1:31

ಹಳಗನ್ನಡಕ್ಕೆ ಹೋಗುವುದಾದರೆ ನಾತವೂ ಬರೀ ವಾಸನೆಯೇ ಆಗಿತ್ತು, ಕೆಟ್ಟದ್ದಲ್ಲ. ತಮಿಳಿನಲ್ಲೂ ಹಾಗೇ. ಸುಗಂದ ಬಂದು ಕೂತ ಮೇಲೆ ನಮ್ಮ ನಾತ ನಾರತೊಡಗಿತು. ಎರವಲು ತಂದರೆ ಆಗುವುದೇ ಇದು. ನಾಳೆ ಕಂಪಿಗೂ ಇದೇ ಗತಿ.

ಧಾರವಾಡದಿಂದ, 1:45

ಹಂಗಾರ ಬೋರ್ಡಿಗೆ 'ತಿಂಡಿ ನಾತ' ಅಂತ ಬರಸ್ರಿ. ಯಾಪಾರ ಆತು ಅವರದು.

ಎರವಲು ಎರವಲು ಅಂತ ಬಡಕೋತೀರಿ, ನಿಮ್ಮ ಮನ್ಯಾಗ ಅತ್ತರ ಸೀಸೆ ಇಲ್ಲೇನು? ಅದೂ ಅರಬ್ಬಿ. ಅತ್ತರ ಹಚ್ಚಿಗೊಂಡು ಮದವಿಗೆ ಹೋಗೂ ಮುಂದ ಭಾಷಾ ಕೆಟ್ಟಿದ್ದಿಲ್ಲ, ರ‍್ಯಾಕಿನ ಮ್ಯಾಲೆ ಬರದ್ರ ಕೆಡತೈತಿ?

ಮೈಸೂರಿಂದ, 4:37

ಎಲ್ರಿಗೂ ಥ್ಯಾಂಕ್ಸ್. ಓನರ್ರಿಗೆ ಎಲ್ಲ ಓದಿ ಹೇಳಿದೆ. ತಿನಿಸುಗಂಪು ಅಂದಾಗ ಅವರಿಗೆ ಅರ್ಥ ಆಯ್ತು, ಅಂಗಡಿ ಹುಡುಗಿಗೆ ಆಗ್ಲಿಲ್ಲ. ತಿಂಡಿಪೋತ ಕೇಳಿ ಅವಳು ನಕ್ಕಿದ್ದೇ ನಕ್ಕಿದ್ದು. ಕೊನೆಗೆ 'ತಿಂಡಿ ಘಮ', ಪಕ್ಕದ್ದಕ್ಕೆ 'ಊದು'. ಫೈಲ್ ಕಳಿಸಿಬಿಟ್ಟೆ, ಘ ಮಹಾಪ್ರಾಣ ಇಟ್ಟೇ ಕಳಿಸಿದೀನಿ, ಶಿವಮೊಗ್ಗದವರು ಕ್ಷಮಿಸ್ಬೇಕು.

ಇನ್ನೊಂದು ಉಳ್ಕೊಂಡಿದೆ. 'ಸಿಯಾಜ್' ಅಂತ, ಮನುಷ್ಯ ಎದ್ದುಹೋದ್ಮೇಲೂ ಲಿಫ್ಟಲ್ಲಿ ಅವನ ಸೆಂಟಿನ ವಾಸನೆ ಉಳಿದಿರುತ್ತಲ್ಲ, ಅದು. ಹಡಗು ಹೋದ್ಮೇಲೆ ನೀರಲ್ಲಿ ಉಳಿಯೋ ಗೆರೆ ಅಂತ ಮೂಲದ ಅರ್ಥ. 'ಘಮದ ಜಾಡು' ಆಗ್ಬಹುದಾ?

ಶಿವಮೊಗ್ಗದಿಂದ, 4:52

ಅದಕ್ಕೆ ಬೇರೆ ಮೇಲ್ ಹಾಕಿ. ಇಲ್ಲಿ ಊದು ಇನ್ನೂ ಮುಗಿದಿಲ್ಲ.