ಚೆಸ್: ಪನೋವ್ ಅಟ್ಯಾಕ್‌ನಲ್ಲಿ ಒಂಟಿ ಡಿ4 ಪಾನ್ ಹಿಡಿಯುವುದು ಹೇಗೆ?

ಪ್ರಶ್ನೆ: ಸರ್, ನಾನು ಕಪ್ಪು ಕಾಯಿಯಲ್ಲಿ ಕಾರೋ-ಕಾನ್ ಓಪನಿಂಗ್ (ಇ4ಕ್ಕೆ ಸಿ6 ಉತ್ತರ) ಆಡುತ್ತೇನೆ. ಮೊನ್ನೆ 1.ಇ4 ಸಿ6 2.ಡಿ4 ಡಿ5 3.ಇ×ಡಿ5 ಸಿ×ಡಿ5 4.ಸಿ4, ಅಂದರೆ ಪನೋವ್ ಅಟ್ಯಾಕ್ ಬಂತು. ಮುಂದೆ ಅವರು ಡಿ5ರಲ್ಲಿ ಹೊಡೆದರು, ನಾನು ಎಫ್6ರ ಕುದುರೆಯಿಂದ ವಾಪಸ್ ಹೊಡೆದೆ. ಅವರ ಡಿ4 ಪಾನ್ ಒಂಟಿಯಾಯಿತು, ಅಕ್ಕಪಕ್ಕದ ಸಾಲುಗಳಲ್ಲಿ ಅವರ ಪಾನ್ ಇಲ್ಲ. ಖುಷಿಯಿಂದ ಕ್ವೀನ್ ಬಿ6ಕ್ಕೆ ತಂದು ಅದರ ಮೇಲೇ ಬಿದ್ದೆ. ಅಷ್ಟರಲ್ಲಿ ಅವರ ಕುದುರೆ ಇ5ಕ್ಕೆ ಬಂತು, ಬಿಷಪ್ ಮತ್ತು ಕ್ವೀನ್ ಎಚ್7 ಕಡೆ ತಿರುಗಿದವು. ಎಚ್7ರಲ್ಲೇ ಮೇಟ್ ಆಯಿತು. ಒಂಟಿ ಪಾನ್ ದುರ್ಬಲ ಅಲ್ವಾ? ತಪ್ಪಿದ್ದೆಲ್ಲಿ?

ಉತ್ತರ: ದುರ್ಬಲವೇ, ಆದರೆ ಈಗಲೇ ಅಲ್ಲ. ಬೋರ್ಡ್ ತುಂಬ ಕಾಯಿಗಳಿರುವಾಗ ಆ ಪಾನ್ ಬಿಳಿಯವರಿಗೆ ಇ5 ಮನೆ ಕೊಡುತ್ತದೆ, ಓಡಾಡಲು ಜಾಗ ಕೊಡುತ್ತದೆ. ನೀವು ಮೊದಲು ನೋಡಬೇಕಾದದ್ದು ಪಾನ್ ಅನ್ನಲ್ಲ, ಅದರ ಮುಂದಿನ ಡಿ5 ಮನೆಯನ್ನು. ಅಲ್ಲಿ ಕೂತ ನಿಮ್ಮ ಕಾಯಿಯನ್ನು ಓಡಿಸಲು ಬಿಳಿಗೆ ಸಿ ಪಾನೂ ಇಲ್ಲ, ಇ ಪಾನೂ ಇಲ್ಲ. ಆ ಮನೆ ಬಿಟ್ಟುಕೊಟ್ಟರೆ ಡಿ4-ಡಿ5 ತಳ್ಳುತ್ತಾರೆ, ದೌರ್ಬಲ್ಯವೇ ಮಾಯ.

ಯಾವ ಕುದುರೆ ಅಲ್ಲಿ ಕೂರಬೇಕು ಅನ್ನುವುದೂ ಮುಖ್ಯ. ಎಚ್7 ಕಾಯುವುದು ಎಫ್6ರ ಕುದುರೆ. ಹಾಗಾಗಿ ಡಿ5ರಲ್ಲಿರುವ ಕುದುರೆಯನ್ನು ಸಮಯ ನೋಡಿ ಎಫ್6ಕ್ಕೆ ಹಿಂದಿರುಗಿಸಿ, ಸಿ6ರ ಕುದುರೆಯನ್ನು ಬಿ4 ಮೂಲಕ ಡಿ5ಕ್ಕೆ ತನ್ನಿ. ನನ್ನ ವಿದ್ಯಾರ್ಥಿಗಳಲ್ಲಿ ಜಾಸ್ತಿ ಜನ ಎಡವುವುದು ಇಲ್ಲೇ.

ಆಮೇಲೆ ಬಿಷಪ್, ಕುದುರೆಗಳನ್ನು ಒಂದೊಂದಾಗಿ ಬದಲಾಯಿಸಿಕೊಳ್ಳಿ. ಪ್ರತಿ ಬದಲಾವಣೆಗೂ ಅವರ ದಾಳಿ ಸೊರಗುತ್ತದೆ, ಪಾನ್ ಮಾತ್ರ ಅಲ್ಲೇ ಇರುತ್ತದೆ. ಕ್ವೀನ್, ರೂಕ್‌ಗಳನ್ನು ಇಟ್ಟುಕೊಳ್ಳಿ. ಡಿ4ಕ್ಕೆ ಏಟು ಕೊಡುವುದು ಅವೇ.

ಪ್ರಶ್ನೆ: ಡಿ5ರ ಕುದುರೆಯನ್ನು ಅವರು ಹೊಡೆದರೆ ಇ6 ಪಾನ್‌ನಿಂದ ವಾಪಸ್ ಹೊಡೆಯಲಾ? ನಾನೇ ಸಿ3ರಲ್ಲಿರುವ ಅವರ ಕುದುರೆಯನ್ನು ಹೊಡೆಯಬಹುದಾ?

ಉತ್ತರ: ಪಾನ್‌ನಿಂದ ಹೊಡೆದರೆ ಡಿ ಫೈಲ್ (ಡಿ ಮನೆಗಳ ಉದ್ದ ಸಾಲು) ಮುಚ್ಚಿಹೋಗುತ್ತದೆ, ನಿಮ್ಮ ರೂಕ್‌ಗಳಿಗೆ ಡಿ4 ಕಾಣುವುದೇ ಇಲ್ಲ. ಆದಷ್ಟು ಕ್ವೀನ್ ಅಥವಾ ಬಿಷಪ್‌ನಿಂದ ಹೊಡೆಯಿರಿ. ಸಿ3ರಲ್ಲಿ ಸುಮ್ನೆ ಹೊಡೆಯಬೇಡಿ. ಬಿ ಪಾನ್ ಸಿ3ಕ್ಕೆ ಬಂದು ಡಿ4ಕ್ಕೆ ಆಸರೆಯಾಗುತ್ತದೆ. ಆಗ ಗುರಿ ಸಿ3 ಆಗಬೇಕು, ಆಟವೇ ಬೇರೆ.

1981ರಲ್ಲಿ ಮೆರಾನೋದಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್‌ನ 9ನೇ ಆಟವನ್ನು ಬೋರ್ಡ್ ಮೇಲೆ ಇಟ್ಟು ಆಡಿ ನೋಡಿ. ಕೊರ್ಚ್ನೋಯ್ ಬಿಳಿ, ಕಾರ್ಪೋವ್ ಕಪ್ಪು. ಓಪನಿಂಗ್ ಕಾರೋ-ಕಾನ್ ಅಲ್ಲ, ಕ್ವೀನ್ಸ್ ಗ್ಯಾಂಬಿಟ್. ಆದರೆ ಅದೇ ಒಂಟಿ ಡಿ4. ಕಾರ್ಪೋವ್ ಚಿಕ್ಕ ಕಾಯಿಗಳನ್ನೆಲ್ಲ (ಬಿಷಪ್, ಕುದುರೆ) ಬದಲಾಯಿಸಿಕೊಂಡರು. ರೂಕ್ ಡಿ5, ಅದರ ಹಿಂದೆ ಕ್ವೀನ್ ಡಿ7, ಮತ್ತೊಂದು ರೂಕ್ ಡಿ8. ಅವಸರವೇ ಇಲ್ಲ. ಕೊನೆಗೆ ಇ6-ಇ5 ತಳ್ಳಿದರು. ಡಿ ಫೈಲ್‌ನಲ್ಲಿ ಪಿನ್ ಆದ (ಸರಿದರೆ ಹಿಂದಿನ ಕಾಯಿ ಹೋಗುವ) ಪಾನ್‌ಗೆ ಪಕ್ಕದಿಂದ ಬಿದ್ದ ಏಟು ಅದು. 43 ನಡೆಗಳಲ್ಲಿ ಆಟ ಮುಗಿಯಿತು.

ಪ್ರಶ್ನೆ: ಇವತ್ತೇ ಆಡಿ ನೋಡುತ್ತೇನೆ ಸರ್. ನನ್ನ ಆಟದಲ್ಲಿ ಇ5 ಯಾವಾಗ ತಳ್ಳಬೇಕು ಅಂತ ಹೇಗೆ ಗೊತ್ತಾಗುತ್ತದೆ?

ಉತ್ತರ: ಡಿ4 ಪಾನ್ ಇ5ರಲ್ಲಿ ಹೊಡೆದರೆ ಅದರ ಹಿಂದೆ ಡಿ ಫೈಲ್‌ನಲ್ಲಿ ಅವರ ದೊಡ್ಡ ಕಾಯಿ (ಕ್ವೀನ್ ಅಥವಾ ರೂಕ್) ಹೋಗುವಂತಿರಬೇಕು. ನಿಮ್ಮ ರಾಜನ ಸುತ್ತ ಅವರ ಕುದುರೆ, ಬಿಷಪ್ ಸುಳಿಯುತ್ತಿರಬಾರದು. ಎರಡೂ ಇದ್ದರೆ ತಳ್ಳಿ.